ಬೇಸಗೆಯ ರಜೆ ಮತ್ತು ನಮ್ಮ ಮಕ್ಕಳ ಓದು

ಮುಂಬಯಿಯ ಶಾಲೆಗಳಿಗೆ ಬೇಸಗೆಯ ರಜೆ ಬಂದಿದೆ. ಜೂನ್ ತಿಂಗಳ ನಡುವಿನವರೆಗೆ ಮಕ್ಕಳಿಗೆ ಪಾಠವಿಲ್ಲ, ಪರೀಕ್ಷೆಯಿಲ್ಲ. ಕೆಲವರು ಕೊಂಕಣ ರೈಲು ಹತ್ತಿ ಊರಿಗೆ ಹೋಗುವರು. ಟಿಕೆಟು ದೊರೆಯದವರು, ಹಣ ಹೊಂದದವರು ಚಾಳಿನ ಖೋಲಿಯಲ್ಲಿಯೇ ಉಳಿಯುವರು. ತಾಯಿಗೆ ಮನೆಗೆಲಸ, ತಂದೆಗೆ ಪಾಳಿ. ಮಗುವಿನ ಕೈಗೆ ಮೊಬೈಲು. ಈ ಆರು ವಾರಗಳನ್ನು ಕನ್ನಡದ ಓದಿಗೆ ಬಳಸಿಕೊಳ್ಳುವ ಬಗೆಯನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ನಮ್ಮಲ್ಲಿ ಬಹುಮಂದಿಯ ಮಕ್ಕಳು ಕಲಿಯುವುದು ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ. ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತ ಬಂದಿದೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಸರಾಗವಾಗಿ ಆಡುವ ಮಗು ಕನ್ನಡದ ಅಕ್ಷರ ಕಂಡಾಗ ತಡವರಿಸುತ್ತದೆ. ಅಂಥ ಮಗುವಿನ ಮುಂದೆ ಪುಸ್ತಕವಿಟ್ಟು ಓದು ಎಂದು ಗದರಿಸಿದರೆ ಅದು ಗಿಳಿಪಾಠ ಒಪ್ಪಿಸೀತು. ಅರ್ಥವಾಯಿತೋ ಇಲ್ಲವೋ ತಿಳಿಯುವ ಬಗೆ ಯಾವುದು? ದುಡಿದು ದಣಿದು ಬಂದ ತಂದೆಗೆ ಕೂತು ಪ್ರಶ್ನೆ ಕೇಳುವ ತ್ರಾಣವೂ ಇರುವುದಿಲ್ಲ.

ಇದಕ್ಕೆ ಒಂದು ಸುಲಭವಾದ ಉಪಾಯವುಂಟು. ಓದಿದ್ದನ್ನು ಮಗು ಚಿತ್ರವಾಗಿ ಬರೆಯಲಿ. ದಿನಕ್ಕೆ ಎರಡು ಪುಟ ಓದಿದರೆ ಸಾಕು. ಬಳಿಕ ಒಂದು ವಹಿಯ ಎಡಪುಟದಲ್ಲಿ ಆ ಕಥೆಯ ಒಂದು ಚಿತ್ರ. ಬಲಪುಟದಲ್ಲಿ ಅದನ್ನು ಕುರಿತು ಕನ್ನಡದಲ್ಲಿ ಒಂದೆರಡು ವಾಕ್ಯ. ಚಿತ್ರದಲ್ಲಿರುವ ಕೊಡ, ಸೌಟು, ಹೊಸ್ತಿಲುಗಳ ಪಕ್ಕದಲ್ಲಿ ಅವುಗಳ ಹೆಸರನ್ನೂ ಬರೆಯಲಿ. ಮಾತಿನಲ್ಲಿ ಹೇಳಲಾರದ್ದನ್ನು ಮಗು ಗೆರೆಯಲ್ಲಿ ಹೇಳುತ್ತದೆ. ಏನನ್ನು ಬಿಡಿಸಲಿ ಎಂದು ತಿಳಿಯದಾದಾಗ ಪುಸ್ತಕವನ್ನು ತಾನಾಗಿಯೇ ಮತ್ತೆ ತೆರೆದು ನೋಡುತ್ತದೆ. ಎರಡನೆಯ ಸಲದ ಈ ಓದೇ ನಿಜವಾದ ಓದು.

ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನೇ ತೆಗೆದುಕೊಳ್ಳೋಣ. ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯವೊಂದರಿಂದ ಬಂದು ಕನ್ನಡದ್ದೇ ಆಗಿಹೋದ ಕಥೆಯದು. ಇಲಿಗಳ ಮೆರವಣಿಗೆಯನ್ನು ಯಾವ ಮಗುವಾದರೂ ನಗುನಗುತ್ತ ಬಿಡಿಸೀತು. ಆಮೇಲೆ, ಒಪ್ಪಿದ ಹಣವನ್ನು ಕೊಡುವ ಹೊತ್ತಿನಲ್ಲಿ ಗೌಡನ ಮುಖ ಹೇಗಿತ್ತು, ಬರೆದು ತೋರಿಸು ಎಂದು ಕೇಳಿರಿ. ಕೆಲಸ ಮಾಡಿಸಿಕೊಂಡು ಕೂಲಿ ಕೊಡದ ಅನ್ಯಾಯ ಆ ಮುಖದಲ್ಲಿ ಕಂಡಿತೆಂದರೆ ಮಗು ಕಥೆಯ ಒಳಹೊಕ್ಕಿತೆಂದೇ ಅರ್ಥ. ಆ ಮುಖದ ಗುರುತು ನಮ್ಮಲ್ಲಿ ಅನೇಕರಿಗೆ ಉಂಟಷ್ಟೆ!

ಚಿತ್ರ ಬಿಡಿಸುವುದು ಹೊತ್ತು ಕಳೆಯುವ ಕೆಲಸ, ಅದರಿಂದ ಹೊಟ್ಟೆ ತುಂಬೀತೇ ಎನ್ನುವವರು ನಮ್ಮಲ್ಲಿ ಇದ್ದಾರೆ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರು ಇದೇ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲಿಯೇ ಕಲಿಸಿ, ದೇಶವೇ ಗೌರವಿಸಿದ ಕಲಾವಿದರಾದರು. 1929ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ತಂದೆತಾಯಿಗಳನ್ನು ಕಳೆದುಕೊಂಡು ಈ ನಗರಕ್ಕೆ ಬಂದ ಅನಂತ ಪೈಯವರು 1967ರಲ್ಲಿ 'ಅಮರ ಚಿತ್ರಕಥಾ' ಮಾಲೆಯನ್ನು ಆರಂಭಿಸಿ, ಚಿತ್ರ ಮತ್ತು ಓದು ಜೊತೆಗೂಡಿದರೆ ಮಕ್ಕಳು ಹೇಗೆ ಮುಗಿಬೀಳುತ್ತಾರೆಂಬುದನ್ನು ತೋರಿಸಿಕೊಟ್ಟರು. ನಮ್ಮ ಮಕ್ಕಳೆಲ್ಲ ಕಲಾವಿದರಾಗಬೇಕೆಂದು ನಾವು ಹೇಳುತ್ತಿಲ್ಲ. ಕುದುರೆ ಕತ್ತೆಯಂತೆ ಕಂಡರೂ ಚಿಂತೆಯಿಲ್ಲ. ಪುಸ್ತಕದ ಚಿತ್ರವನ್ನೋ ಮೊಬೈಲಿನ ಚಿತ್ರವನ್ನೋ ನಕಲು ಮಾಡದೆ ತನ್ನ ಮನಸ್ಸಿಗೆ ಕಂಡದ್ದನ್ನು ಬರೆಯಲಿ. ಹಿರಿಯರು ಅದಕ್ಕೆ ಗುಣಾಂಕ ಹಾಕದಿರಲಿ, ನಗದಿರಲಿ.

ಖರ್ಚಿನ ಮಾತೂ ದೊಡ್ಡದಲ್ಲ. ಕಳೆದ ವರ್ಷದ ವಹಿಗಳಲ್ಲಿ ಉಳಿದ ಖಾಲಿ ಹಾಳೆಗಳನ್ನು ಸೇರಿಸಿ ದಾರದಿಂದ ಹೊಲಿದರೆ ಹೊಸ ವಹಿಯಾಯಿತು. ಕಪ್ಪಿಗೆ ಇದ್ದಿಲ ಚೂರು, ಹಳದಿಗೆ ಅರಸಿನ, ಕಂದುಬಣ್ಣಕ್ಕೆ ಗಟ್ಟಿ ಚಹಾ ಡಿಕಾಕ್ಷನ್. ಅರಸಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು. ಸುಣ್ಣವನ್ನು ಮಾತ್ರ ಹಿರಿಯರೇ ಬೆರೆಸಿಕೊಡತಕ್ಕದ್ದು.

ಪುಸ್ತಕಗಳಿಗೂ ಬರವಿಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ಕನ್ನಡದ ಮಕ್ಕಳ ಕೈಗಿತ್ತರು. ಪಂಜೆ ಮಂಗೇಶರಾಯರ ಕಥೆಗಳು, ರಾಜರತ್ನಂ ಅವರ ಶಿಶುಗೀತೆಗಳು ಇವೆ. 1957ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ಮಕ್ಕಳ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿಯೂ ಪ್ರಕಟಿಸಿದೆ. ಮೊಬೈಲು ಬಿಡಲಾರದ ಮಗುವಿಗೆ ಅದರಲ್ಲಿಯೇ ಓದು ಉಂಟು: ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ತೆರೆದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಕಥೆಗಳನ್ನು ಕಾಸು ಕೊಡದೆ ಓದಬಹುದು.

ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಹೊಟೇಲಿನ ಅಟ್ಟದ ಮೇಲೆ ಮಲಗುವ ಬಂಧುಗಳಿಗೆ ಒಂದು ಮಾತು. ವಹಿಯ ಆ ದಿನದ ಪುಟದ ಫೋಟೋ ತೆಗೆದು ಕಳಿಸಲು ಮನೆಯವರಿಗೆ ಹೇಳಿರಿ. ಊಟ ಆಯಿತೇ, ಜ್ವರ ಬಿಟ್ಟಿತೇ ಎಂಬಲ್ಲಿಗೆ ಮುಗಿಯುವ ರಾತ್ರಿಯ ಮಾತಿಗೆ ಹೊಸ ವಿಷಯ ದೊರಕುವುದು. ಓದು ಬಾರದ ತಂದೆಯೂ ಚಿತ್ರವನ್ನು ಓದಬಲ್ಲ. ಇದೇನು ಮಗಾ ಎಂದು ಕೇಳಬಲ್ಲ. 1982ರ ಮುಷ್ಕರದ ಬಳಿಕ ಒಂದೊಂದಾಗಿ ಮುಚ್ಚಿದ ಗಿರಣಿಗಳಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಲಾಳಿ ಹೇಗೆ ಓಡುತ್ತಿತ್ತು, ಹಾಸೆಂದರೇನು, ಹೊಕ್ಕೆಂದರೇನು ಎಂದು ಮೊಮ್ಮಕ್ಕಳಿಗೆ ಹೇಳಿ ಚಿತ್ರ ಬರೆಯಿಸಲಿ. ಯಾವ ಪಠ್ಯಪುಸ್ತಕದಲ್ಲಿಯೂ ದೊರೆಯದ ಪಾಠವದು.

ಸಂಘದ ಸದಸ್ಯರು ತಮ್ಮಲ್ಲಿರುವ ಮಕ್ಕಳ ಪುಸ್ತಕಗಳನ್ನು ಒಂದೆಡೆ ಕೂಡಿಸಿ, ಚಾಳಿನಿಂದ ಚಾಳಿಗೆ ಸರದಿಯಂತೆ ಕೊಡಬೇಕೆಂದು ವಿನಂತಿಸುತ್ತೇವೆ. ಕೂಲಿ, ರಜೆ, ಬೋನಸ್ಸುಗಳಿಗಾಗಿ ಕೂಡಿ ನಿಲ್ಲುವ ನಾವು ಮಕ್ಕಳ ಅಕ್ಷರಕ್ಕಾಗಿಯೂ ಕೂಡಿ ನಿಲ್ಲಬೇಕಲ್ಲವೇ? ಊರಿನ ಅಜ್ಜಿಗೆ ನಾಲ್ಕು ಸಾಲಿನ ಕನ್ನಡದ ಕಾಗದ ಬರೆಯಬಲ್ಲ ಮಗು ಪ್ರತಿಯೊಂದು ಮನೆಯಲ್ಲಿಯೂ ಇರಲಿ. ಇಂದಿನ ರಾತ್ರಿಯೇ ವಹಿ ಹೊಲಿಯಿರಿ.