ಒರ್ಫಾ ಹಿಡಿದ ದಾರಿ

ಹೀಬ್ರೂ ಭಾಷೆಯ 'ಹೆಸೆದ್' ಎಂಬ ಶಬ್ದಕ್ಕೆ ಸಮನಾದ ಕನ್ನಡ ಪದವೊಂದನ್ನು ಹುಡುಕುವುದು ಕಷ್ಟ. ದಯೆಯೆಂದರೆ ಮೇಲಿನವನು ಕೆಳಗಿನವನಿಗೆ ತೋರುವುದೆಂಬ ಧ್ವನಿ. ನಿಷ್ಠೆಯೆಂದರೆ ಋಣದ ವಾಸನೆ. ಬೈಬಲಿನ 'ರೂತಳು' ಎಂಬ ಪುಟ್ಟ ಗ್ರಂಥದಲ್ಲಿ ಇವೆರಡೂ ಬೆರೆತು ಬೇರೊಂದೇ ಗುಣವಾಗುತ್ತವೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಮೋವಾಬಿನಲ್ಲಿ ಕಳೆದುಕೊಂಡ ನೊವೊಮಿಯು ಬೇತ್ಲೆಹೇಮಿಗೆ ಹೊರಟಾಗ, ವಿಧವೆಯರಾದ ಸೊಸೆಯರಿಬ್ಬರನ್ನೂ ತವರಿಗೆ ಮರಳಿರೆಂದು ಬೇಡುತ್ತಾಳೆ. ಒರ್ಫಾ ಅತ್ತು, ಅತ್ತೆಗೆ ಮುತ್ತಿಟ್ಟು, ಹಿಂದಿರುಗುತ್ತಾಳೆ. ರೂತಳು ಬಿಡಲೊಲ್ಲಳು, ಕಾಣದ ನಾಡಿಗೆ ಬಂದು, ಪರರ ಜವೆಯ ಹೊಲದಲ್ಲಿ ಹಕ್ಕಲಾಯ್ದು ಅತ್ತೆಯನ್ನು ಸಾಕುತ್ತಾಳೆ. (ಕಂಪ್ಲಿಯ ಗದ್ದೆಗಳನ್ನು ಬಲ್ಲವರಿಗೆ 'ಹಕ್ಕಲು' ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.) ಹೊಲದೊಡೆಯ ಬೋವಜನೋ, ಆಕೆ ಆಯ್ದುಕೊಳ್ಳಲೆಂದು ಕಟ್ಟುಗಳಿಂದ ತೆನೆಗಳನ್ನು ಬೇಕೆಂದೇ ಉದುರಿಸುವಂತೆ ಆಳುಗಳಿಗೆ ಹೇಳುತ್ತಾನೆ. ಕೊಟ್ಟದ್ದು ಕಾಣದಂತೆ ಕೊಡುವ ಈ ಜಾಣ್ಮೆ ನನಗೆ ಬಹಳ ಮೆಚ್ಚು.

ಮನೆಯವರ ಮೇಲಣ ಪ್ರೀತಿಗೂ ಪರರ ಮೇಲಣ ದಯೆಗೂ ನಮ್ಮ ಸೀಮೆಯಲ್ಲಿಯೇ ಒಂದು ದೃಷ್ಟಾಂತವುಂಟು. ಹಂಪೆಯ ಹೇಮಕೂಟದಲ್ಲಿ ಕಂಪಿಲರಾಯನು ತಂದೆ ಮುಮ್ಮಡಿ ಸಿಂಗೆಯನಾಯಕ, ತಾಯಿ ಹಾಗೂ ಪೆರುಮೆಯನಾಯಕರ ಹೆಸರಿನಲ್ಲಿ ಮೂರು ಲಿಂಗಗಳನ್ನು ಪ್ರತಿಷ್ಠಿಸಿದನೆಂದು ಶಾಸನ ಹೇಳುತ್ತದೆ. ಹೆತ್ತವರನ್ನು ಹೀಗೆ ನೆನೆದ ಅರಸನೇ, ಮಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದು ಸೋತು ಬಂದ ಬಹಾವುದ್ದೀನ್ ಗುರ್ಶಾಸ್ಪನಿಗೆ ಆಶ್ರಯವಿತ್ತನು. ದೆಹಲಿಯ ಸೈನ್ಯ ಬೆನ್ನಟ್ಟಿ ಬಂದಿತು. 1327ರ ಸುಮಾರಿಗೆ ಕೋಟೆ ಬೀಳುವುದು ಖಚಿತವಾದಾಗ ರಾಯನು ಅತಿಥಿಯನ್ನು ಬೇರೊಬ್ಬ ಅರಸನಲ್ಲಿಗೆ ಕಳುಹಿಸಿ, ಚಿತೆ ಹೊತ್ತಿಸಿ, ತನ್ನನ್ನು ಅನುಸರಿಸಲು ಇಷ್ಟವುಳ್ಳವರು ಅನುಸರಿಸಬಹುದೆಂದು ಮಡದಿಯರಿಗೂ ಹೆಣ್ಣುಮಕ್ಕಳಿಗೂ ಹೇಳಿದನೆಂದು ಇಬ್ನ್ ಬತೂತ ಬರೆದಿದ್ದಾನೆ. ಅವರು ಮಿಂದು, ಗಂಧ ಪೂಸಿಕೊಂಡು, ಬೆಂಕಿಯನ್ನು ಹೊಕ್ಕರು. ರಾಯನು ಕಾದಿ ಮಡಿದನು. ಅತಿಥಿಯಾದರೂ ಉಳಿದನೇ? ಹೊಯ್ಸಳ ಬಲ್ಲಾಳನು ಅವನನ್ನು ಸುಲ್ತಾನನ ಕಡೆಯವರಿಗೆ ಒಪ್ಪಿಸಿಬಿಟ್ಟನು.

ಕುಮಾರರಾಮನ ಶೌರ್ಯವನ್ನು ಹಾಡುವ ನಾವು ಅವನ ತಂದೆಯ ಈ ಔದಾರ್ಯವನ್ನು ಅಷ್ಟಾಗಿ ನೆನೆಯುವುದಿಲ್ಲ, ಅದು ಅನ್ಯಾಯವೇ. ಆದರೂ ರಾಯನನ್ನು ರೂತಳ ಪಕ್ಕದಲ್ಲಿ ನಿಲ್ಲಿಸಲು ನನ್ನ ಮನಸ್ಸು ಒಪ್ಪದು. ರೂತಳು ತನ್ನ ದಯೆಯ ಬೆಲೆಯನ್ನು ತಾನೇ ತೆತ್ತಳು. ರಾಯನದನ್ನು ಅಂತಃಪುರವೂ ತೆತ್ತಿತು. 'ಇಷ್ಟವುಳ್ಳವರು' ಎಂಬ ಮಾತೇನೋ ಉಂಟು. ಕೋಟೆಯನ್ನು ಸೈನ್ಯ ಮುತ್ತಿರುವಾಗ, ಇಷ್ಟವಿಲ್ಲದವಳಿಗೆ ಮರಳಲು ಯಾವ ತವರಿತ್ತು? ರೂತಳ ಎದುರಿಗೆ ಮೋವಾಬಿನ ದಾರಿ ತೆರೆದೇ ಇತ್ತು. ಆ ದಾರಿಯಲ್ಲಿ ಒರ್ಫಾ ನಡೆದುಹೋಗುವುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಗ್ರಂಥಕಾರನು ಒರ್ಫಾಳನ್ನು ಒಂದೇ ಒಂದು ಮಾತಿನಿಂದಲೂ ಹಳಿಯುವುದಿಲ್ಲ.