ಕಲಿಸುವವರು ಗಂಡೋ ಹೆಣ್ಣೋ, ಕಲಿಕೆ ನಿಲ್ಲದಿರಲಿ

ಕರಾವಳಿಯಿಂದ ಬಂದು ಭೀಮಾ-ಅಮರ್ಜಾ ಸಂಗಮದ ಗಾಣಗಾಪುರದಲ್ಲಿ ಮದ್ರಸ ಕಲಿಸುತ್ತಿರುವ ನಮಗೆ, ಮಕ್ಕಳ ಶಾಲೆಯ ಸುದ್ದಿಯೂ ಕಿವಿಗೆ ಬೀಳುತ್ತದೆ. ಇಲ್ಲಿ ಹೆಣ್ಣು ಟೀಚರನ್ನು 'ಅಕ್ಕೋರು' ಎನ್ನುತ್ತಾರೆ. ಇಂಗ್ಲಿಷ್ ಪುಸ್ತಕ ಯಾಕೆ ತೆರೆದಿಲ್ಲ ಎಂದು ಕೇಳಿದರೆ ಒಬ್ಬ ಹುಡುಗ, “ಅದು ಅಕ್ಕೋರ ವಿಷಯ ರೀ, ಹುಡುಗ್ಯಾರು ಓದ್ತಾರ” ಎಂದ. ಇನ್ನೊಬ್ಬಳು ಹುಡುಗಿ, “ಸರ್ ಮುಂದ ಬಾಯೇ ಬರಂಗಿಲ್ರಿ, ತಪ್ಪಾದ್ರ ಎಲ್ಲಾರೂ ನಗ್ತಾರ” ಎಂದಳು.

ನಮ್ಮ ಬ್ಯಾರಿ ಮನೆಗಳಲ್ಲಿ ಹೀಗಿಲ್ಲವೇ? ಟೀಚರ್ ಗಂಡಸು ಎಂದು ಹುಡುಗಿಯ ಟ್ಯೂಷನ್ ಬಿಡಿಸುತ್ತೇವೆ. ಟೀಚರ್ ಹೆಂಗಸು ಎಂದು ಹುಡುಗ ಅಸಡ್ಡೆ ಮಾಡಿದರೆ ನಕ್ಕು ಸುಮ್ಮನಾಗುತ್ತೇವೆ. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ರಾಜ್ಯಕ್ಕೇ ಮೊದಲು, ಕಲಬುರಗಿ ಶೇ. 42.43ರೊಂದಿಗೆ ಕೊನೆ. ಆದರೆ ಇಡೀ ರಾಜ್ಯದಲ್ಲಿ ಹಿಂದೆ ಬಿದ್ದವರು ಹುಡುಗರೇ. ಮೊದಲ ಸ್ಥಾನದ ಜಿಲ್ಲೆಯವರು ಎಂಬ ಹೆಮ್ಮೆ ನಮ್ಮ ಹುಡುಗರ ಅಸಡ್ಡೆಯನ್ನು ಮುಚ್ಚಬಾರದು.

ಹಝ್ರತ್ ಆಯಿಶಾ (ರ) ಅವರಿಂದ ಎರಡು ಸಾವಿರಕ್ಕೂ ಹೆಚ್ಚು ಹದೀಸ್‌ಗಳು ನಮಗೆ ತಲುಪಿವೆ. ದೊಡ್ಡ ದೊಡ್ಡ ಸ್ವಹಾಬಿಗಳೇ ಅವರ ಬಳಿ ಸಂಶಯ ಕೇಳಿ ತಿಳಿದುಕೊಂಡರು. ಹೆಣ್ಣಿನಿಂದ ದೀನ್ ಕಲಿತ ಸಮುದಾಯದ ಹುಡುಗನಿಗೆ ಹೆಣ್ಣಿನಿಂದ ಇಂಗ್ಲಿಷ್ ಕಲಿಯಲು ನಾಚಿಕೆ ಯಾಕೆ?

ತಪ್ಪು ನಮ್ಮದೂ ಇದೆ. ಮದ್ರಸಗಳಲ್ಲಿ ಹೆಚ್ಚಾಗಿ ಗಂಡಸರೇ ಉಸ್ತಾದರು. ವಿದ್ಯೆಯೆಂದರೆ ಗಂಡು ದನಿ ಎಂದು ಮಕ್ಕಳು ಸಣ್ಣಂದಿನಿಂದಲೇ ತಿಳಿದುಕೊಳ್ಳುತ್ತಾರೆ. ಒಂದು ಒಳ್ಳೆಯ ಅಭ್ಯಾಸವೂ ಅಲ್ಲೇ ಇದೆ. ಕುರ್‌ಆನ್ ಓದುವಾಗ ಮಖ್ರಜ್ ತಪ್ಪಿದರೆ ಯಾರೂ ನಗುವುದಿಲ್ಲ, ತಿದ್ದಿ ಮತ್ತೆ ಓದಿಸುತ್ತೇವೆ. ಇಂಗ್ಲಿಷಿಗೂ ಬೇಕಾದದ್ದು ಅದೇ ತಾಳ್ಮೆ.

ಹೆಣ್ಣು ಟೀಚರ್ ಇದ್ದರೆ ಹುಡುಗಿಯರಿಗೆ ಧೈರ್ಯ ಬರುವುದು ನಿಜ. ಅದನ್ನು ಎಸ್‌ಡಿಎಂಸಿ ಸಭೆಯಲ್ಲಿ ಬಾಯಿ ಬಿಟ್ಟು ಕೇಳೋಣ. ಆದರೆ ಸಿಗುವವರೆಗೆ ಮಗಳ ಪಾಠ ನಿಲ್ಲಬಾರದು. ಬೇಕಾದರೆ ಉಮ್ಮನೋ ನೆರೆಮನೆಯ ಅಕ್ಕನೋ ಜೊತೆಯಲ್ಲಿ ಕೂತುಕೊಳ್ಳಲಿ. 2007ರಿಂದ ಸರಕಾರಿ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಇದೆ. ಸಣ್ಣ ಪ್ರಾಯದಲ್ಲಿ ತಪ್ಪಿಸಿಕೊಂಡದ್ದು ಹತ್ತನೇ ತರಗತಿಯಲ್ಲಿ ಹೊರೆಯಾಗುತ್ತದೆ.

ಉಪ್ಪಂದಿರಲ್ಲಿ ಒಂದು ಮಾತು. ಮನೆಯಲ್ಲಿ ಪುಸ್ತಕ ಹಿಡಿಯುವುದು ಉಮ್ಮನ ಕೆಲಸ ಮಾತ್ರ ಎಂದು ಮಗ ನೋಡಿದರೆ, ಓದು ಹೆಂಗಸರದ್ದು ಎಂದೇ ತಿಳಿಯುತ್ತಾನೆ. ಇಶಾ ನಮಾಝ್ ಮುಗಿಸಿ ಬಂದು ಹತ್ತು ನಿಮಿಷ ಅವನ ಇಂಗ್ಲಿಷ್ ಪುಸ್ತಕ ಬಿಡಿಸಿ ಕೂತುಕೊಳ್ಳಿ. ನಿಮಗೆ ಬಾರದಿದ್ದರೂ ಅಡ್ಡಿಯಿಲ್ಲ, ಅವನೇ ನಿಮಗೆ ಓದಿ ಹೇಳಲಿ.