ಸೇವೆ ಮಾಡುವವರ ಗಾಯ

ಚಿಂತೆಯನ್ನು ಚಿತೆಗೆ ಹೋಲಿಸುವ ಮಾತು ನಮ್ಮಲ್ಲಿ ಬಹಳ ಹಳೆಯದು. ಮನದ ಭಾರ ತನುವಿಗೂ ತಟ್ಟುತ್ತದೆ ಎಂದರೆ ತಲೆದೂಗದವರಿಲ್ಲ. ಆದರೆ ಎಲ್ಲರೂ ಒಪ್ಪುವ ಮಾತನ್ನು ಅಳೆದು ನೋಡುವ ಗೋಜಿಗೆ ಹೋಗುವವರು ವಿರಳ. ಅಳತೆಗೆ ಸಿಗದ ನೋವಿಗೆ ಮನೆಯಲ್ಲಿ ಬೆಲೆಯೂ ಇರುವುದಿಲ್ಲ. ಅಂತಹ ಅಳತೆಯನ್ನು ಮಾಡಿದ ಒಂದು ಅಧ್ಯಯನವನ್ನು ಸದ್ಭಕ್ತ ಬಂಧುಗಳ ಗಮನಕ್ಕೆ ತರಬೇಕೆನಿಸಿದೆ.

ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಜಾನಿಸ್ ಕೀಕೋಲ್ಟ್-ಗ್ಲೇಸರ್, ಅವರ ಪತಿ ರೊನಾಲ್ಡ್ ಗ್ಲೇಸರ್ ಹಾಗೂ ಸಂಗಡಿಗರು 1995ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಮರೆವಿನ ಕಾಯಿಲೆಗೆ ತುತ್ತಾದ ಬಂಧುಗಳ ಆರೈಕೆಯಲ್ಲಿದ್ದ 13 ಮಹಿಳೆಯರು ಒಂದು ಕಡೆ. ವಯಸ್ಸಿನಲ್ಲಿಯೂ ಕುಟುಂಬದ ಆದಾಯದಲ್ಲಿಯೂ ಅವರಿಗೆ ಸರಿಹೊಂದುವ, ಆದರೆ ಆ ಹೊಣೆಯಿಲ್ಲದ 13 ಮಂದಿ ಇನ್ನೊಂದು ಕಡೆ. ಎಲ್ಲರ ಚರ್ಮದಲ್ಲಿಯೂ 3.5 ಮಿಲಿಮೀಟರ್ ಅಗಲದ ಒಂದೇ ಬಗೆಯ ಚಿಕ್ಕ ಗಾಯ ಮಾಡಲಾಯಿತು. ಗಾಯದ ಛಾಯಾಚಿತ್ರಗಳನ್ನು ತೆಗೆದರು. ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ನೊರೆ ಏಳುತ್ತದೆಯೇ ಎಂದು ನೋಡಿದರು. ನೊರೆ ನಿಂತಿತೆಂದರೆ ಗಾಯ ಮಾಯ್ದಿತೆಂದು ಲೆಕ್ಕ. ಹೊಣೆಯಿಲ್ಲದವರಿಗೆ ಸರಾಸರಿ 39.3 ದಿನ ಸಾಕಾಯಿತು. ಆರೈಕೆಯಲ್ಲಿದ್ದವರಿಗೆ 48.7 ದಿನ ಬೇಕಾಯಿತು.

ಒಂಬತ್ತು ದಿನಗಳ ಅಂತರ! ನಮಗೆ ಬಹಳ ಹಿಡಿಸಿದ್ದು ಇದರ ಕ್ರಮ. ನಿಮಗೆ ಆಯಾಸವೇ ಎಂದು ಕೇಳಿದರೆ ಒಬ್ಬರು ಹೆಚ್ಚು ಹೇಳಿಯಾರು, ಮತ್ತೊಬ್ಬರು ಸಂಕೋಚದಿಂದ ಮುಚ್ಚಿಟ್ಟಾರು. ಗಾಯಕ್ಕೆ ಸಂಕೋಚವಿಲ್ಲ.

ಆದರೂ ಒಂದು ಸಂಶಯ ಉಳಿಯುತ್ತದೆ. ಔಷಧ ಪರೀಕ್ಷೆಯಲ್ಲಿ ಯಾರಿಗೆ ಯಾವ ಔಷಧವೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಎರಡೂ ಗುಂಪುಗಳು ಇತರ ಎಲ್ಲ ವಿಷಯಗಳಲ್ಲಿಯೂ ಹೆಚ್ಚುಕಡಿಮೆ ಸಮನಾಗಿರಲಿ ಎಂಬುದು ಅದರ ಉದ್ದೇಶ. ಕಾಯಿಲೆಯ ಬಂಧುವನ್ನು ಚೀಟಿ ಎತ್ತಿ ಯಾರಿಗೂ ಹಂಚಲಾಗದು. ಹಾಗಾದರೆ ಅಂತರಕ್ಕೆ ಒತ್ತಡವೇ ಕಾರಣವೋ, ಆ ಹೆಂಗಸರ ಬದುಕಿನ ಬೇರೇನಾದರೂ ಕಾರಣವೋ? ಸಂಖ್ಯೆಯೂ 26 ಮಾತ್ರ. ಈ ಪ್ರಶ್ನೆಯನ್ನು ಕೇಳದೆ ಫಲಿತಾಂಶವನ್ನಷ್ಟೇ ಸಾರುವುದು ಸರಿಯಲ್ಲ.

ಇದಕ್ಕೆ ಉತ್ತರದ ಒಂದು ಪಾಲು 1998ರಲ್ಲಿ ಬಂದಿತು. ದಂತವೈದ್ಯ ವಿದ್ಯಾರ್ಥಿಗಳು 11 ಮಂದಿ. ಬೇಸಿಗೆ ರಜೆಯಲ್ಲಿ ಅವರ ಬಾಯಿಯ ಅಂಗಳದ ಒಂದು ಬದಿಗೆ ಗಾಯ. ಮುಂದೆ ದೊಡ್ಡ ಪರೀಕ್ಷೆಗೆ ಮೂರು ದಿನ ಮುಂಚೆ ಇನ್ನೊಂದು ಬದಿಗೆ ಅಂತಹುದೇ ಗಾಯ. (ಅವರು ಇದಕ್ಕೆ ಒಪ್ಪಿದ್ದೇ ದೊಡ್ಡದು.) ಇಲ್ಲಿ ಹೋಲಿಕೆಗೆ ಬೇರೊಬ್ಬರು ಬೇಕಿಲ್ಲ, ಪ್ರತಿಯೊಬ್ಬರೂ ತಮಗೆ ತಾವೇ ಅಳತೆಗೋಲು. ಪರೀಕ್ಷೆಯ ಕಾಲದ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಶೇಕಡ 40ರಷ್ಟು ಹೆಚ್ಚು ಸಮಯ ಹಿಡಿಯಿತು. ರಜೆಯ ದಿನಗಳಷ್ಟು ಬೇಗ ಒಬ್ಬರಿಗೂ ಮಾಯಲಿಲ್ಲ. ಗಾಯ ಮಾಯುವುದಕ್ಕೆ ಮೊದಲಲ್ಲಿ ಬೇಕಾಗುವ ಇಂಟರ್‌ಲ್ಯೂಕಿನ್-1 ಎಂಬ ಸಂದೇಶವಾಹಕ ವಸ್ತುವಿನ ತಯಾರಿಕೆ ಕುಗ್ಗಿದ ಕುರುಹು ಎರಡೂ ಅಧ್ಯಯನಗಳ ರಕ್ತಪರೀಕ್ಷೆಯಲ್ಲಿ ಕಂಡಿತು.

ಪರೀಕ್ಷೆ ಮುಗಿದೀತು. ಹಾಸಿಗೆ ಹಿಡಿದ, ಹೆಸರನ್ನೂ ಮರೆತ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಗೆ ರಜೆ ಯಾವಾಗ? ನಮ್ಮ ಮನೆಗಳಲ್ಲಿ ಇಂತಹವರನ್ನು ತಾಳ್ಮೆಯ ಮೂರ್ತಿ ಎಂದು ಹೊಗಳುತ್ತೇವೆ. ಹೊಗಳಿಕೆ ಕೆಟ್ಟದ್ದಲ್ಲ, ಆದರೆ ಅದನ್ನು ಕೊಟ್ಟಮೇಲೆ ನಮ್ಮ ಪಾಲಿನ ಕರ್ತವ್ಯ ತೀರಿತೆಂದು ಎದ್ದುಹೋಗುತ್ತೇವಲ್ಲ, ಅದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ದಾಸೋಹವನ್ನು ಒಂದೇ ಜೋಡಿ ಕೈಗಳ ಮೇಲೆ ಹೊರಿಸಬೇಕೆಂದು ಯಾರೂ ವಿಧಿಸಿಲ್ಲ. ಸೇವೆಯನ್ನು ಹಂಚಿಕೊಂಡರೆ ಗಾಯ ಬೇಗ ಮಾಯುತ್ತದೆಂದು ಈ ಅಧ್ಯಯನಗಳು ಹೇಳಿಲ್ಲ, ಅವು ಅದನ್ನು ಪರೀಕ್ಷಿಸಲೂ ಇಲ್ಲ. ಹಂಚಿಕೊಳ್ಳಲು ಅಷ್ಟರಮಟ್ಟಿನ ಪುರಾವೆಗಾಗಿ ಕಾಯಬೇಕೇ? ರೋಗಿಯನ್ನು ನೋಡಲೆಂದು ಹಣ್ಣು ಹಿಡಿದು ಬರುವ ನಂಟರಲ್ಲಿ ಎಷ್ಟು ಮಂದಿ ಆ ಸೊಸೆಯನ್ನು "ಹೋಗಿ ಮಲಗಿಕೋ ತಾಯಿ" ಎಂದು ಕಳುಹಿಸಿ, ಒಂದು ಮಧ್ಯಾಹ್ನ ತಾವು ಹಾಸಿಗೆಯ ಪಕ್ಕ ಕುಳಿತಿದ್ದಾರೆ?